ಉಸಿರುವುದು ಎಂದರೆ ಹೇಳುವುದು

ಕನ್ನಡದಲ್ಲಿ ‘ಉಸಿರು’ ಎಂಬುದು ನಾಮಪದವಷ್ಟೇ ಅಲ್ಲ, ಕ್ರಿಯಾಪದವೂ ಹೌದು. ಹಳೆಯ ಕಾವ್ಯಗಳಲ್ಲಿ ಒಬ್ಬರು ‘ಉಸಿರಿದರು’ ಎಂದು ಬಂದರೆ ಅವರು ಉಸಿರು ಬಿಟ್ಟರು ಎಂದೂ ಆಗಬಹುದು, ಮಾತಾಡಿದರು ಎಂದೂ ಆಗಬಹುದು. ಹೆಚ್ಚಿನ ಸಲ ಎರಡನೆಯ ಅರ್ಥವೇ ಸರಿ. ಈ ಅರ್ಥ ಇವತ್ತಿಗೂ ಸತ್ತಿಲ್ಲ. ‘ಯಾರ ಹತ್ತಿರವೂ ಉಸಿರೆತ್ತಬೇಡ’ ಎಂದು ಅಮ್ಮ ಹೇಳಿದರೆ ಮೂಗು ಮುಚ್ಚಿಕೊಳ್ಳಬೇಕೆಂದು ಯಾವ ಮಗುವೂ ತಿಳಿಯುವುದಿಲ್ಲ. ‘ಅಷ್ಟೆಲ್ಲ ಅನ್ಯಾಯ ಆದರೂ ಒಬ್ಬನೂ ಉಸಿರು ಬಿಡಲಿಲ್ಲ’ ಎನ್ನುವಾಗ ನಾವು ಪ್ರಾಣಾಯಾಮದ ಕುಂಭಕವನ್ನು ಹೊಗಳುತ್ತಿಲ್ಲ, ಹೇಡಿತನವನ್ನು ಬಯ್ಯುತ್ತಿದ್ದೇವೆ. ಉಸಿರೆಂದರೆ ಜೀವ, ಉಸಿರೆಂದರೆ ಮಾತು. ಈ ಎರಡನ್ನೂ ನಮ್ಮ ಭಾಷೆ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ.

ಇಂದು ಉಸಿರಿನ ಬಗ್ಗೆ ಕನ್ನಡದಲ್ಲಿ ಬರುತ್ತಿರುವ ಬರವಣಿಗೆಯನ್ನು ಓದುವಾಗ ಈ ಗಂಟು ಬಿಚ್ಚಿಹೋಗಿರುವುದು ಕಾಣುತ್ತದೆ. 2015ರಿಂದ ಪ್ರತಿ ಜೂನ್ 21ರ ಆಸುಪಾಸಿನಲ್ಲಿ ಪತ್ರಿಕೆಗಳ ಪುರವಣಿಗಳು ಪ್ರಾಣಾಯಾಮದ ಲೇಖನಗಳಿಂದ ತುಂಬುತ್ತವೆ. ಮೊಬೈಲಿನ ಆ್ಯಪ್‌ಗಳು ಎಣಿಸಿ ಉಸಿರಾಡಿಸುತ್ತವೆ. ಪರೀಕ್ಷೆಗೆ ಓದುವವರಿಗೆ ‘ಫೋಕಸ್’, ಕಚೇರಿಯವರಿಗೆ ‘ಸ್ಟ್ರೆಸ್’ ನಿವಾರಣೆ, ಎಲ್ಲರಿಗೂ ಶಾಂತಿ. ಈ ಗದ್ಯದಲ್ಲಿ ಉಸಿರು ಒಂದು ಸಲಕರಣೆ. ಅದನ್ನು ಬಳಸುವವರು ಮೌನವಾಗಿರಬೇಕು, ಆಮೇಲೆ ಕೆಲಸಕ್ಕೆ ಮರಳಬೇಕು. ಮಾತಿನ ಪ್ರಸ್ತಾಪವೇ ಬರುವುದಿಲ್ಲ. ಉಸಿರು ಅಭ್ಯಾಸ ಮಾಡಿದ ಮೇಲೆ ಏನನ್ನು ಹೇಳುತ್ತೀರಿ, ಯಾರ ಮಾತನ್ನು ಕೇಳಿಸಿಕೊಳ್ಳುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಇಟ್ಟುಕೊಂಡು ಒಂದೇ ಜಿಲ್ಲೆಯ ಕೆಲವು ಪಠ್ಯಗಳನ್ನು ಓದಬೇಕೆನ್ನಿಸಿದೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು. ಅದರ ಪಕ್ಕದ ಬೇಲೂರು. ನನ್ನ ಊರು ಅರಸೀಕೆರೆ. ಹಾಸನದ ಹತ್ತಿರದ ಕೌಶಿಕ ಎಂಬ ಹಳ್ಳಿ. ಇವುಗಳ ನಡುವೆ ಕನ್ನಡ ಉಸಿರಿನ ಒಂದು ಚರಿತ್ರೆಯೇ ಹರಡಿಕೊಂಡಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಯೋಗದವರಿಗೆ ಬಿಟ್ಟುಕೊಟ್ಟಿದ್ದೇವೆ.

ಮೊದಲು ವ್ಯಾಕರಣ. ಸುಮಾರು 1260ರ ಹೊತ್ತಿಗೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಅವನ ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು, ಸೋದರಮಾವ ಜನ್ನ. ಹೊಯ್ಸಳರ ಆಸರೆಯಲ್ಲಿ ಬಾಳಿದ ಮನೆತನ ಇದು. ಕೇಶಿರಾಜನ ಗ್ರಂಥದ ಆರಂಭದಲ್ಲೇ ಶಬ್ದದ ಹುಟ್ಟನ್ನು ವಿವರಿಸುವ ಪ್ರಸಿದ್ಧ ಸೂತ್ರವೊಂದಿದೆ. ಅದರ ಸಾರ ಇಷ್ಟು: ಜೀವಕ್ಕೆ ಹೇಳಬೇಕೆಂಬ ಇಚ್ಛೆಯಾಗಬೇಕು, ಗಾಳಿ ಅನುಕೂಲವಾಗಿ ಒದಗಬೇಕು; ಆಗ ಹೊಕ್ಕುಳ ಬುಡದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ; ಅದರ ಬಣ್ಣ ಬಿಳಿ; ಅದರ ಕಾರ್ಯವೇ ಶಬ್ದ.

ಎಂ.ಎ. ತರಗತಿಯಲ್ಲಿ ಈ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ, ‘ಬಿಳಿ’ ಎಂಬಲ್ಲಿ ಸ್ವಲ್ಪ ನಗುತ್ತೇವೆ, ಮುಂದಿನ ಸೂತ್ರಕ್ಕೆ ಹೋಗುತ್ತೇವೆ. ಆದರೆ ನಿಂತು ನೋಡಿದರೆ ಇದು ಅಚ್ಚುಕಟ್ಟಾದ ಉಸಿರಿನ ಸಿದ್ಧಾಂತ. ಜೈನ ದರ್ಶನದಲ್ಲಿ ಶಬ್ದವೂ ಪುದ್ಗಲ, ಅಂದರೆ ಭೌತದ್ರವ್ಯ. ಆದ್ದರಿಂದಲೇ ಅದಕ್ಕೆ ಬಣ್ಣವೂ ಇರಬಲ್ಲದು. ಹೊಟ್ಟೆಯಿಂದ ಉಸಿರಾಡಿ ಎಂದು ಈಗಿನ ಯೋಗ ಶಿಬಿರಗಳು ಹೇಳುವುದೂ, ನಾಭಿಮೂಲದಿಂದ ಶಬ್ದ ಏಳುತ್ತದೆ ಎಂದು ಕೇಶಿರಾಜ ಹೇಳುವುದೂ ಒಂದೇ ಜಾಗವನ್ನು ತೋರಿಸುತ್ತವೆ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ಕೇಶಿರಾಜನ ಗಾಳಿ ಒಳಗೇ ನಿಲ್ಲಲು ಬಂದದ್ದಲ್ಲ. ಅದು ಕಹಳೆ, ಹೊರಗೆ ಹೋಗಲೇಬೇಕು. ಇಚ್ಛೆ ಮೊದಲು, ಗಾಳಿ ಆಮೇಲೆ. ಹೇಳಲು ಏನೂ ಇಲ್ಲದವನ ಉಸಿರಿನ ಬಗ್ಗೆ ಈ ಸೂತ್ರಕ್ಕೆ ಆಸಕ್ತಿಯಿಲ್ಲ.

ನಮ್ಮ ಶಾಲೆಯ ವ್ಯಾಕರಣದಲ್ಲೂ ಉಸಿರಿನ ಪಾಠವಿದೆ, ಗಮನಿಸದೆ ಕಲಿತಿದ್ದೇವೆ ಅಷ್ಟೆ. ಕ ಅಲ್ಪಪ್ರಾಣ, ಖ ಮಹಾಪ್ರಾಣ. ಚಿಕ್ಕ ಉಸಿರು, ದೊಡ್ಡ ಉಸಿರು. ಈ ದೊಡ್ಡ ಉಸಿರು ಕನ್ನಡದ ಎಷ್ಟೋ ಬಾಯಿಗಳಿಗೆ ಯಾವತ್ತೂ ಬೇಕಾಗಿರಲಿಲ್ಲ. ಭೂಮಿಯನ್ನು ‘ಬೂಮಿ’ ಎಂದೇ ಉತ್ತವರು ಉತ್ತರು. ಮಹಾಪ್ರಾಣಾಕ್ಷರಗಳನ್ನು ಬರಹದಿಂದ ಬಿಡಬಹುದೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಎದ್ದ ಗದ್ದಲ, ಒಂದು ಅರ್ಥದಲ್ಲಿ, ಯಾರ ಉಸಿರು ‘ಶುದ್ಧ’ ಎಂಬ ಜಗಳವೇ ಆಗಿತ್ತು. ಇನ್ನೊಂದು ಬದಲಾವಣೆಯನ್ನೂ ನೆನೆಯಬೇಕು. ಹಳಗನ್ನಡದ ‘ಪಾಲ್’ ನಮಗೆ ‘ಹಾಲು’ ಆದದ್ದು ಬಹುಮಟ್ಟಿಗೆ ಹೊಯ್ಸಳರ ಶತಮಾನಗಳಲ್ಲಿ. ಮುಚ್ಚಿದ ತುಟಿ ಬಿಚ್ಚಿಕೊಂಡು ಬರಿಯ ಉಸಿರು ಉಳಿಯಿತು. ಹಾಸನ ಸೀಮೆಯ ಹಳ್ಳಿಗರು ಆ ಉಸಿರನ್ನೂ ಬಿಟ್ಟರು: ‘ಆಲು’. ಅವರ ಬಾಯಲ್ಲಿ ಹಾಸನ ‘ಆಸ್ನ’ವಾಗುತ್ತದೆ. ಯೋಗದ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕೆ? ಸರಿಯಾದ ಉಸಿರು ಇಂಥದ್ದೇ ಎಂದು ಅಪ್ಪಣೆ ಕೊಡುವವರನ್ನು ಈ ‘ಆಸ್ನ’ ಸ್ವಲ್ಪ ತಡೆದು ನಿಲ್ಲಿಸುತ್ತದೆ.

ಅಳಿಯನಿಂದ ಸೋದರಮಾವನಿಗೆ ಬರೋಣ. ಎರಡನೆಯ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಇದನ್ನು ಸಂಕಲ್ಪಹಿಂಸೆಯ ಕಾವ್ಯವೆಂದು, ಗಂಡುಹೆಣ್ಣಿನ ಸಂಬಂಧದ ಕಾವ್ಯವೆಂದು ಬಹಳಷ್ಟು ಚರ್ಚಿಸಲಾಗಿದೆ. ನನಗೆ ಇದು ಕೇಳಿಸಿಕೊಳ್ಳುವ ಕಾವ್ಯ. ಕತೆಯ ಒಂದೊಂದು ತಿರುವಿನಲ್ಲೂ ಒಂದು ದನಿ ಇದೆ. ಇರುಳಿನಲ್ಲಿ ಕೇಳಿಬಂದ ಮಾವಟಿಗನ ಹಾಡಿಗೆ ಅಮೃತಮತಿ ಸೋಲುತ್ತಾಳೆ. ಅವನ ರೂಪ ಆಮೇಲಿನದು, ಮೊದಲು ಮುಟ್ಟಿದ್ದು ದನಿ. ಕೆಟ್ಟ ಕನಸಿನ ನೆಪಕ್ಕೆ ಯಶೋಧರ ತಾಯಿಯ ಮಾತಿನಂತೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಉಸಿರೇ ಇಲ್ಲದ ಆ ಕೋಳಿ ಕತ್ತಿ ತಾಗಿದಾಗ ಕೂಗುತ್ತದೆ. ಹಲವು ಜನ್ಮ ಅಲೆದು ಕೋಳಿಗಳಾಗಿ ಹುಟ್ಟಿದ ತಾಯಿಮಗ, ಮುನಿಯ ಧರ್ಮಬೋಧೆ ಕೇಳಿ ಹಿಗ್ಗಿನಿಂದ ಕೂಗಿದಾಗ, ಸದ್ದಿಗೇ ಗುರಿಯಿಡುವ ತನ್ನ ಬಿಲ್ಗಾರಿಕೆಯನ್ನು ಮೆರೆಯಲು ಯಶೋಮತಿ ಬಾಣ ಬಿಡುತ್ತಾನೆ. ಅವನದು ಅಪ್ಪಟ ಏಕಾಗ್ರತೆ. ಕಣ್ಣಿಗೆ ಕಾಣದ ಗುರಿಯನ್ನು ಕಿವಿಯೊಂದರಿಂದಲೇ ಹಿಡಿಯುವ ಮನಸ್ಸು. ಅದು ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ. ಇಂದಿನ ಭಾಷೆಯಲ್ಲಿ ‘ಫೋಕಸ್’ ಎನ್ನುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಖಡಕ್ಕಾದ ವಿಮರ್ಶೆ ನಾನು ಓದಿಲ್ಲ. ಅವನು ಸದ್ದನ್ನು ಕೇಳಿದ, ಕೂಗನ್ನು ಕೇಳಿಸಿಕೊಳ್ಳಲಿಲ್ಲ.

ಅದೇ ಪ್ರಸಂಗದಲ್ಲಿ ಮುನಿಗೂ ತಳವಾರನಿಗೂ ಒಂದು ವಾದ ನಡೆಯುತ್ತದೆ. ತಳವಾರ ಕೈಯಾರೆ ಪರೀಕ್ಷೆ ಮಾಡಿ ನೋಡಿದವನು. ಕಳ್ಳನನ್ನು ಕಡಿದು ಹುಡುಕಿದೆ, ಜೀವ ಸಿಗಲಿಲ್ಲ. ಒಬ್ಬನನ್ನು ಸಂದಿಲ್ಲದಂತೆ ಮುಚ್ಚಿಟ್ಟೆ, ಸತ್ತ, ಜೀವ ಹೊರಟ ತೂತು ಕಾಣಲಿಲ್ಲ. ಸಾಯುವ ಮುಂಚೆ, ಸತ್ತಮೇಲೆ ತೂಗಿದೆ, ತೂಕ ಬದಲಾಗಲಿಲ್ಲ ಎನ್ನುತ್ತಾನೆ. ಮುನಿಯ ಉತ್ತರಗಳು ಉಸಿರಿಗೆ ಸಂಬಂಧಿಸಿದವು. ಮುಚ್ಚಿದ ಕಡೆಯೊಳಗೆ ಶಂಖ ಊದಿದರೆ ದನಿ ತೂತಿಲ್ಲದೆಯೂ ಹೊರಗೆ ಕೇಳುವುದಿಲ್ಲವೇ? ಗಾಳಿ ತುಂಬಿದ ತಿದಿಗೂ ಬರಿದಾದ ತಿದಿಗೂ ತಕ್ಕಡಿ ವ್ಯತ್ಯಾಸ ತೋರಿಸುತ್ತದೆಯೇ? ಈ ತರ್ಕ ಇಂದಿನ ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ, ಗಾಳಿಗೂ ತೂಕವಿದೆ. ಆದರೆ ಕಾವ್ಯದ ನ್ಯಾಯ ಬೇರೆ. ಜೀವ ಇದೆಯೇ ಎಂದು ತಿಳಿಯಲು ಒಬ್ಬ ಕತ್ತಿ ಹಿಡಿದು ದೇಹ ಬಗೆಯುತ್ತಾನೆ, ಇನ್ನೊಬ್ಬ ಶಂಖಕ್ಕೆ ಕಿವಿಗೊಡು ಎನ್ನುತ್ತಾನೆ. ಮಾವನ ಶಂಖ, ಅಳಿಯನ ಕಹಳೆ. ಕಾವ್ಯದಲ್ಲೂ ವ್ಯಾಕರಣದಲ್ಲೂ ಒಂದೇ ಮನೆತನ ಒಂದೇ ವಿಚಾರವನ್ನು ಎರಡು ಸಲ ಊದಿದೆ ಎಂದು ಓದಲು ಅಡ್ಡಿಯೇನಿಲ್ಲ.

ಇನ್ನು ಶಾಂತಿ. ಕಾವ್ಯದ ಹೊರ ಆವರಣದಲ್ಲಿ ಅಭಯರುಚಿ, ಅಭಯಮತಿ ಎಂಬ ಎಳೆಯರನ್ನು ಬಲಿಗಾಗಿ ಮಾರಿದತ್ತನ ಮುಂದೆ ತಂದು ನಿಲ್ಲಿಸಿದ್ದಾರೆ. ಅವರು ನಡುಗುವುದಿಲ್ಲ. ಆ ನೆಮ್ಮದಿ ಅವರನ್ನು ಸುಮ್ಮನಾಗಿಸುವುದಿಲ್ಲ, ಮಾತಾಡಿಸುತ್ತದೆ. ಇಡೀ ಯಶೋಧರನ ಕತೆ ಕತ್ತಿಯೆದುರು ನಿಂತ ಈ ಮಕ್ಕಳ ಬಾಯಲ್ಲಿ ಬರುವಂಥದ್ದು. ಅವರು ತಮ್ಮ ಶಾಂತಿಯನ್ನು ತಮಗಾಗಿ ಉಳಿಸಿಕೊಳ್ಳುವುದಿಲ್ಲ. ಅದನ್ನು ಕತೆಯಾಗಿಸಿ ಕೊಲ್ಲಹೊರಟವನಿಗೆ ಕೇಳಿಸುತ್ತಾರೆ, ಕೊನೆಗೆ ಅವನ ಕತ್ತಿ ಇಳಿಯುತ್ತದೆ. ಉಸಿರಿನ ಹತೋಟಿ ಯಾತಕ್ಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಪ್ರಸಂಗವನ್ನು.

ಕಲ್ಲಿನಲ್ಲಿ ಈ ವಿಷಯ ಇನ್ನಷ್ಟು ಇಕ್ಕಟ್ಟಿಗೆ ಸಿಲುಕುತ್ತದೆ. ಹಳೇಬೀಡಿಗೆ ಬರುವವರು ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಬಸದಿಹಳ್ಳಿಯಲ್ಲಿ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಒಳಗೆ ಹೆಡೆಯ ನೆರಳಲ್ಲಿ ಪಾರ್ಶ್ವನಾಥ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ; ಕೈಗಳು ಇಳಿಬಿದ್ದಿವೆ, ಮೈಯನ್ನು ಬಿಟ್ಟುಬಿಟ್ಟ ನಿಲುವು. ಕಾಯೋತ್ಸರ್ಗ ಎಂಬ ಮಾತಿನ ಅರ್ಥವೂ ಅದೇ. ಇದನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ. ಶಾಸನ ಹೇಳುವ ಸಂಗತಿ ಸ್ವಾರಸ್ಯಕರ: ಪ್ರತಿಷ್ಠೆಯ ಪ್ರಸಾದ ವಿಷ್ಣುವರ್ಧನನಿಗೆ ತಲುಪಿದಾಗ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ, ಆ ಸಂತೋಷಕ್ಕೆ ದೇವರಿಗೆ ವಿಜಯ ಪಾರ್ಶ್ವನಾಥನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟ. ಎಲ್ಲವನ್ನೂ ಬಿಟ್ಟು ನಿಂತವನಿಗೆ ರಣರಂಗದ ಗೆಲುವಿನ ಹೆಸರು. ಧ್ಯಾನವನ್ನು ಯಶಸ್ಸಿನ ಮೆಟ್ಟಿಲು ಮಾಡಿಕೊಳ್ಳುವುದು ಕಾರ್ಪೊರೇಟ್ ಕಾಲದ ಕೆಡುಕು ಎಂದು ನಾವು ಬೇಗ ತೀರ್ಪು ಕೊಡುತ್ತೇವೆ. ಈ ಹೆಸರು ಅದಕ್ಕೆ ಒಂಬತ್ತು ಶತಮಾನದಷ್ಟು ಹಳೆಯದು. ಅಧಿಕಾರ ಯಾವತ್ತೂ ಶಾಂತಿಯನ್ನು ತನ್ನ ಖಾತೆಗೆ ಬರೆದುಕೊಂಡಿದೆ.

ಬೇಲೂರಿನ ಮದನಿಕೆಯರು ಇದಕ್ಕೆ ವಿರುದ್ಧ ದಿಕ್ಕಿನವರು. 1117ರ ಚೆನ್ನಕೇಶವ ದೇಗುಲದ ಮಾಡಿನಡಿ ಕುಣಿಯುವವರು, ವಾದ್ಯ ನುಡಿಸುವವರು, ಕನ್ನಡಿ ನೋಡುವವಳು, ಬಿಲ್ಲು ಹಿಡಿದವಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಹೆಸರು ಕೆತ್ತಿ ಹೋಗಿದ್ದಾರೆ. ಮೂರು ಕಡೆ ಬಳುಕಿದ ಮೈಯನ್ನು ಆ ಭಂಗಿಯಲ್ಲಿ ಹಿಡಿದಿಡಬೇಕಾದರೆ ಉಸಿರನ್ನು ಹಿಡಿಯಲೇಬೇಕು. ಇದನ್ನು ಯೋಗವೆಂದು ಯಾರೂ ಕರೆಯುವುದಿಲ್ಲ, ಆದರೆ ಗಮನ ಇಲ್ಲಿಯೂ ಇದೆ, ಕಣ್ಣು ತೆರೆದ ಗಮನ. ನನ್ನ ಅರಸೀಕೆರೆಗೆ ಬಂದರೆ ಅಲ್ಲಿನ ಸಹಸ್ರಕೂಟ ಜಿನಾಲಯವನ್ನು 1220ರಲ್ಲಿ ಕಟ್ಟಿಸಿದ್ದು ರೇಚರಸ. ‘ವಸುಧೈಕಬಾಂಧವ’ ಎಂಬ ಬಿರುದಿನವನು. ಸಹಸ್ರಕೂಟವೆಂದರೆ ಒಂದೇ ನಿಲುವು ಸಾವಿರ ಸಲ. ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಹೋಗುವವರಿಗೆ ಈ ಊರಿನಲ್ಲಿ ಅದೊಂದಿದೆ ಎಂಬುದೇ ಗೊತ್ತಿರುವುದಿಲ್ಲ. ಸಾವಿರ ಸಲ ಒಂದನ್ನೇ ಕೆತ್ತುವುದು ಕಲೆಯೇ, ಅಭ್ಯಾಸವೇ ಎಂಬ ಪ್ರಶ್ನೆ ಮುಂದೆ ಬೇಕಾಗುತ್ತದೆ, ನೆನಪಿರಲಿ.

ವಚನಕಾರರ ಕಡೆಯ ಕಥನಗಳು ಈ ಅಭ್ಯಾಸವನ್ನೇ ಅನುಮಾನಿಸುತ್ತವೆ. ಹರಿಹರ ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದು, ಬೇಸತ್ತು ಹಂಪೆಗೆ ಹೋದನೆಂಬ ಐತಿಹ್ಯವಿದೆ. ಅವನ ಪ್ರಭುದೇವರ ರಗಳೆಯಲ್ಲಿ ಮದ್ದಳೆಯ ಅಲ್ಲಮ ಪ್ರೀತಿಯ ಹೆಂಡತಿ ಕಾಮಲತೆಯನ್ನು ಕಳೆದುಕೊಂಡು ಅಲೆಯುತ್ತಾನೆ. ನೆಲ ಕೆದಕುವಾಗ ಕಂಡ ಕಳಶವನ್ನು ಹಿಡಿದು ಅಗೆಸಿದರೆ ಹೂತ ಗುಡಿ. ಒಳಗೆ ರೆಪ್ಪೆ ಬಡಿಯದ ಅನಿಮಿಷ. ಅಂಗೈಯ ಲಿಂಗ ಅಲ್ಲಮನ ಕೈಗೆ ಬಂದೊಡನೆ ಅನಿಮಿಷನ ಉಸಿರು ಹೋಗುತ್ತದೆ. ಇಡೀ ನಿಶ್ಚಲತೆ ಕಾದಿದ್ದದ್ದು ಇನ್ನೊಬ್ಬನಿಗೆ ದಾಟಿಸುವುದಕ್ಕೆ. ಹದಿನೈದನೆಯ ಶತಮಾನದ ಪ್ರಭುಲಿಂಗಲೀಲೆಯ ಗೋರಕ್ಷ ಪ್ರಸಂಗವೂ ಪ್ರಸಿದ್ಧವೇ: ಯೋಗದಿಂದ ವಜ್ರವಾದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲ್ ಎನ್ನುತ್ತದೆ, ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಹಾದಂತೆ ಹಾದುಹೋಗುತ್ತದೆ. ಸದ್ದು ಮಾಡುವ ದೇಹ ಇನ್ನೂ ‘ನಾನು’ ಎನ್ನುತ್ತಿದೆ. ಉಸಿರು ಕಟ್ಟಿ ಮೈ ಗಟ್ಟಿ ಮಾಡುವುದೇ ಗುರಿಯಾದರೆ ಅದು ಇನ್ನೊಂದು ಬಗೆಯ ಆಸ್ತಿ ಎಂಬುದು ಈ ಕತೆಯ ಕೊಂಕು.

ಈಗ ಇಪ್ಪತ್ತನೆಯ ಶತಮಾನ. ಜಗತ್ತಿಗೆ ಹೋದ ಆಧುನಿಕ ಯೋಗದ ಒಂದು ದೊಡ್ಡ ಕವಲು ಕನ್ನಡ ಗದ್ಯದಲ್ಲಿ ಹುಟ್ಟಿತೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಗಮನಿಸಿಲ್ಲ. ಚಿತ್ರದುರ್ಗ ಸೀಮೆಯ ಮುಚುಕುಂದೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಮನೆಯ ಆಶ್ರಯದಲ್ಲಿ ‘ಯೋಗ ಮಕರಂದ’ವನ್ನು (1934) ಬರೆದದ್ದು ಕನ್ನಡದಲ್ಲಿ, ‘ಯೋಗಾಸನಗಳು’ (1941) ಕೂಡ ಕನ್ನಡವೇ. ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು, ತಾವೇ ಹೇಳಿಕೊಂಡಂತೆ, 1927ರಲ್ಲಿ ಹಾಸನದ ಜುಬಿಲಿ ಹಾಲಿನಲ್ಲಿ ಕೃಷ್ಣಮಾಚಾರ್ಯರ ಉಪನ್ಯಾಸ, ಪ್ರದರ್ಶನ ಕಂಡು ಮರುಳಾಗಿ ಶಿಷ್ಯರಾದವರು. ಅವರ ‘ಯೋಗಮಾಲಾ’ ಕನ್ನಡದಲ್ಲಿ 1962ರಲ್ಲಿ ಪ್ರಕಟವಾಯಿತು, ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಇಂದು ಜಗತ್ತಿನ ಎಷ್ಟೋ ನಗರಗಳ ಯೋಗಶಾಲೆಗಳಲ್ಲಿ ‘ಮೈಸೂರು ಶೈಲಿ’ ಎಂಬ ಹೆಸರಿದೆ, ಸಂಸ್ಕೃತದ ಎಣಿಕೆ ಇದೆ. ನಡುವೆ ಇದ್ದ ಕನ್ನಡ ಮಾತ್ರ ಕಾಣೆ.

ಯೋಗಮಾಲಾವನ್ನು ಗದ್ಯವಾಗಿ ಓದಿದರೆ ಎರಡು ಗುಣಗಳು ಎದ್ದು ಕಾಣುತ್ತವೆ. ಒಂದು, ಅದು ಆಸನದಿಂದ ಶುರುವಾಗುವುದಿಲ್ಲ. ಯಮ ನಿಯಮಗಳಿಂದ ಶುರುವಾಗುತ್ತದೆ. ಅಹಿಂಸೆ, ಸತ್ಯದ ನಂತರವೇ ಮೈಯ ಮಾತು. ಇವತ್ತಿನ ಐದು ನಿಮಿಷದ ಶಾಂತಿಯ ಬರಹಗಳು ಮೊದಲು ಕತ್ತರಿಸಿ ಎಸೆದದ್ದು ಈ ಭಾಗವನ್ನೇ. ಎರಡು, ಅದರ ಎಣಿಕೆ. ಮೊದಲ ಸೂರ್ಯನಮಸ್ಕಾರಕ್ಕೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಪ್ರತಿ ಚಲನೆಗೂ ಪೂರಕವೋ ರೇಚಕವೋ ಗೊತ್ತುಮಾಡಿದೆ. ಎಳೆದುಕೋ, ಬಿಡು, ಎಳೆದುಕೋ, ಬಿಡು. ಸಾಹಿತ್ಯದ ಓದುಗ ಇದನ್ನು ಪಟ್ಟಿಯೆಂದು ಹಾರಿಸುತ್ತಾನೆ. ಅರಸೀಕೆರೆಯ ಸಹಸ್ರಕೂಟವನ್ನೂ ಹಾಗೆಯೇ ದಾಟಿಹೋಗಬಹುದು. ಆದರೆ ಕೇಶಿರಾಜ ಶಬ್ದಕ್ಕೆ ಮಾಡಿದ್ದನ್ನು ಈ ಪುಸ್ತಕ ಚಲನೆಗೆ ಮಾಡುತ್ತದೆ: ಪ್ರತ್ಯಯ ಎಲ್ಲಿ ಸೇರಬೇಕು, ಎಲ್ಲಿ ಲೋಪವಾಗಬೇಕು ಎಂಬ ಸೂತ್ರ. ವ್ಯಾಕರಣವನ್ನು ರಸಕ್ಕಾಗಿ ಯಾರೂ ಓದುವುದಿಲ್ಲ; ಅದನ್ನು ಬಾಯಿಗೆ, ಇಲ್ಲಿ ಮೈಗೆ, ತಂದುಕೊಂಡಾಗಲೇ ಅದು ಅರ್ಥವಾಗುವುದು.

ಮಿತಿಯೂ ಅಲ್ಲೇ ಇದೆ. ಈ ಗದ್ಯದಲ್ಲಿ ಎಣಿಸುವ ದನಿ ಒಂದೇ, ಗುರುವಿನದು. ಶಿಷ್ಯರಿಗೆ ಉಸಿರಾಟವಿದೆ, ಉಸಿರುವಿಕೆ ಇಲ್ಲ. ಇದು ಬರಿಯ ಶೈಲಿಯ ಮಾತಾಗಿ ಉಳಿಯಲಿಲ್ಲ. 2009ರಲ್ಲಿ ಜೋಯಿಸರು ತೀರಿಕೊಂಡ ಮೇಲೆ ಹಲವು ಶಿಷ್ಯೆಯರು, ಆಸನ ತಿದ್ದುವ ನೆಪದಲ್ಲಿ ಅವರು ತಮ್ಮನ್ನು ಲೈಂಗಿಕವಾಗಿ ಮುಟ್ಟಿದರೆಂದು ಬಹಿರಂಗವಾಗಿ ಹೇಳಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಆ ಹೆಂಗಸರು ವರ್ಷಗಟ್ಟಲೆ ಉಸಿರನ್ನು ಅಭ್ಯಾಸ ಮಾಡಿದವರು, ಉಸಿರೆತ್ತಲು ಅಷ್ಟು ಕಾಲ ಹಿಡಿಯಿತು. ಪುಸ್ತಕದ ಮೊದಲಲ್ಲೇ ಇರುವ ಯಮವನ್ನು ಗುರುವಿಗೂ ಅನ್ವಯಿಸಿ ಓದುವ ವಿಮರ್ಶೆ ನಮ್ಮಲ್ಲಿ ಬೆಳೆದಿಲ್ಲ. ಶಾಸ್ತ್ರಗದ್ಯವನ್ನು ಸಾಹಿತ್ಯವಲ್ಲವೆಂದು ಹೊರಗಿಟ್ಟದ್ದರ ಫಲ ಇದು.

ನಾನು ಪ್ರಾಣಾಯಾಮದ ವಿರೋಧಿಯಲ್ಲ. ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ, ನಿದ್ದೆ ಬಾರದ ದಿನಗಳಲ್ಲಿ, ಅರಸೀಕೆರೆಯಲ್ಲಿ ನಿವೃತ್ತ ಮೇಷ್ಟರೊಬ್ಬರ ಬಳಿ ನಾಡೀಶೋಧನ ಕಲಿತೆ. ಈಗಲೂ ಬೆಳಿಗ್ಗೆ ಕೂರುತ್ತೇನೆ. ಹೊರಬಿಡುವ ಉಸಿರನ್ನು ಉದ್ದ ಮಾಡಿದಾಗ ಎದೆಬಡಿತ ನಿಧಾನವಾಗುತ್ತದೆ. ಇದರಲ್ಲಿ ಪವಾಡವಿಲ್ಲ, ಒಳಗೆಳೆದಾಗ ಬಡಿತ ಚೂರು ವೇಗವಾಗುವುದು, ಬಿಟ್ಟಾಗ ಇಳಿಯುವುದು ವೇಗಸ್ ನರದ ಮೂಲಕ ನಡೆಯುವ ಮೈಯ ಸಹಜ ಕೆಲಸ. ಕಾವ್ಯದ ಓದಿಗೂ ಅದು ಒದಗಿತು. ಕಂದಪದ್ಯವನ್ನು ಗಟ್ಟಿಯಾಗಿ ಓದುವಾಗ ಯತಿ ಎಲ್ಲಿ ಬೀಳುತ್ತದೆ, ರಗಳೆ ಯಾಕೆ ಉಸಿರು ಕೊಡದೆ ಓಡಿಸುತ್ತದೆ ಎಂಬುದು ಲಘುಗುರು ಹಾಕಿದಾಗ ತಿಳಿಯದ್ದು ಹೀಗೆ ತಿಳಿಯಿತು. ಹರಿಹರನ ಭಕ್ತರು ಯಾವಾಗಲೂ ಅವಸರದಲ್ಲಿರುವುದು ನಮ್ಮ ಪುಪ್ಪುಸಕ್ಕೆ ಮೊದಲು ಗೊತ್ತಾಗುತ್ತದೆ, ಬುದ್ಧಿಗೆ ಆಮೇಲೆ. ಮೇಷ್ಟರು ಎಣಿಸುತ್ತಿದ್ದರು, ನಡುವೆ ನಿಲ್ಲಿಸಿ ‘ಹೇಗನ್ನಿಸ್ತಿದೆ, ಹೇಳಿ’ ಎಂದು ಕೇಳುತ್ತಲೂ ಇದ್ದರು. ಆ ‘ಹೇಳಿ’ ಎಂಬುದು ಪಾಠದ ಭಾಗವೇ ಆಗಿತ್ತು.

ಆದರೆ ಫೆಲೋಶಿಪ್ ತಡವಾದಾಗ ಉಸಿರು ಎಣಿಸಿ ಎನ್ನುವುದು, ಗೈಡ್ ಅವಮಾನಿಸಿದರೆ ಧ್ಯಾನ ಮಾಡಿ ಎನ್ನುವುದು ಬೇರೆ ಸಂಗತಿ. ವಿಶ್ವವಿದ್ಯಾಲಯಗಳಲ್ಲಿ ಒತ್ತಡ ನಿರ್ವಹಣೆಯ ಕಾರ್ಯಾಗಾರಗಳು ಹೆಚ್ಚುತ್ತಿರುವಾಗ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಅಲ್ಲಿ ಶಾಂತಿಯೆಂದರೆ ದೂರಿಲ್ಲದಿರುವುದು. ಅಭಯರುಚಿಯ ಶಾಂತಿ ಹಾಗಿರಲಿಲ್ಲ. ಅದು ರಾಜನ ಮುಖ ನೋಡಿ ಕತೆ ಹೇಳುವ ಶಾಂತಿ.

ಹಾಗಾಗಿ ಉಸಿರಿನ ಬಗ್ಗೆ ಬಂದ ಯಾವುದೇ ಕನ್ನಡ ಪುಸ್ತಕವನ್ನು ನಾನು ಓದುವುದು ಈ ಒಂದು ಅಳತೆಯಿಂದ: ಅದು ಓದುಗರಿಗೆ ಹೇಳುವ ಇಚ್ಛೆಯನ್ನು ಉಳಿಸುತ್ತದೆಯೇ, ಕಸಿಯುತ್ತದೆಯೇ? ಕೇಶಿರಾಜನ ಸೂತ್ರದಲ್ಲಿ ಇಚ್ಛೆಯಿದೆ, ಗಾಳಿಯಿದೆ, ಕಹಳೆಯಿದೆ. ನಮ್ಮ ಸ್ನಾತಕೋತ್ತರ ಪಠ್ಯಗಳಲ್ಲಿ ಶಬ್ದಮಣಿದರ್ಪಣದ ಪೀಠಿಕೆಯ ಪಕ್ಕಕ್ಕೆ ಯೋಗ ಮಕರಂದದ, ಯೋಗಮಾಲಾದ ಹತ್ತು ಪುಟ ಕನ್ನಡ ಗದ್ಯವನ್ನು ಇಟ್ಟು ಒಂದು ಸೆಮಿಸ್ಟರ್ ಪಾಠ ಮಾಡಬಹುದು. ಮೊದಲ ತರಗತಿ ಅಲ್ಪಪ್ರಾಣ, ಮಹಾಪ್ರಾಣದಿಂದ ಶುರುವಾಗಲಿ. ಬಾಯಿಯೆದುರು ಅಂಗೈ ಹಿಡಿದು ‘ಕ’ ಎನ್ನಿ, ‘ಖ’ ಎನ್ನಿ. ಅಂಗೈಗೆ ತಾಗಿದ್ದು ನಿಮ್ಮದೇ ಉಸಿರು, ಆಗಲೇ ಅಕ್ಷರವಾಗಿದೆ.